ಸಮಯವನ್ನೂ ದೂರವನ್ನೂ ಬರೆದಿಟ್ಟ ವರದಿಗಾರರು

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ಜಿಲ್ಲಾ ಮಟ್ಟದ ಪ್ರೌಢಶಾಲಾ ಕ್ರೀಡಾಕೂಟದ ಕೊನೆಯ ದಿನ, ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಕರಾವಳಿಯ ಅಥ್ಲೆಟಿಕ್ಸ್ ಕೂಟಗಳನ್ನು ವರದಿ ಮಾಡುತ್ತ ಬಂದಿರುವ ಹಿರಿಯ ಪತ್ರಕರ್ತರೊಬ್ಬರನ್ನು ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ಮತ್ತು ಸ್ಮರಣಿಕೆ ನೀಡಿ ಸನ್ಮಾನಿಸಲಾಯಿತು. ಊರಿನ ಯಾವ ಹಿರಿಯರನ್ನು ಗೌರವಿಸುವಾಗಲೂ ಕೇಳಿಬರುವ ಮಾತುಗಳೇ ವೇದಿಕೆಯಲ್ಲಿ ಇವರ ಬಗ್ಗೆಯೂ ಬಂದವು. ಸರಳರು, ಸಜ್ಜನರು, ಪ್ರಚಾರ ಬಯಸದವರು ಎಂದರು. ಅವೆಲ್ಲ ನಿಜ. ಆದರೆ ಅವರು ಇಷ್ಟು ವರ್ಷ ಮೈದಾನದಲ್ಲಿ ನಿಂತು ಮಾಡಿದ ಕೆಲಸ ಯಾವುದು, ಅದು ಯಾರ ಪಾಲಿಗೆ ಏನಾಗಿ ಒದಗಿತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ಆ ಕೆಲಸವನ್ನು ಹತ್ತಿರದಿಂದ ಕಂಡವನಾದ್ದರಿಂದ, ಅದನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡುವುದು ನನ್ನ ಕರ್ತವ್ಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೆ ಕ್ಷಮೆಯಿರಲಿ.

ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆಯಬೇಡಿ ಎಂದು ಅವರೇ ಕೇಳಿಕೊಂಡರು. ಇಷ್ಟು ವರ್ಷ ಅವರು ಬರೆದದ್ದೆಲ್ಲ ‘ನಮ್ಮ ವರದಿಗಾರರಿಂದ’ ಎಂಬ ಎರಡು ಪದಗಳ ಕೆಳಗೇ ಅಚ್ಚಾಗಿದೆ. ಕೂಟಕ್ಕೆ ಬರುವ ಶಿಕ್ಷಕರಿಗೆ, ತರಬೇತುದಾರರಿಗೆ, ಓಡುವ ಮಕ್ಕಳ ತಂದೆತಾಯಿಯರಿಗೆ ಅವರು ಯಾರೆಂಬುದು ಗೊತ್ತಿದೆ, ಅಷ್ಟು ಸಾಕು ಎನ್ನುವುದು ಅವರ ಅಭಿಪ್ರಾಯ.

ಸನ್ಮಾನದ ದಿನವೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಅವರನ್ನು ವೇದಿಕೆಗೆ ಕರೆದಾಗ ಮೈದಾನದ ಆ ತುದಿಯಲ್ಲಿ ಬಾಲಕಿಯರ ತ್ರಿವಿಧ ಜಿಗಿತದ ಕೊನೆಯ ಎರಡು ಸುತ್ತುಗಳು ಬಾಕಿಯಿದ್ದವು. ಅವರು ತಮ್ಮ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, ‘ಮಾಷ್ಟ್ರೇ, ಟೇಪು ಹಿಡಿದವರು ಕೂಗಿದ್ದನ್ನು ಹಾಗೆಯೇ ಬರೆಯಿರಿ, ಫೌಲ್ ಆದರೆ ಅದನ್ನೂ ಬರೆಯಿರಿ’ ಎಂದು ಹೇಳಿ ಹೋದರು. ಹತ್ತು ನಿಮಿಷದಲ್ಲಿ ಶಾಲು ಹೆಗಲ ಮೇಲಿರುವಂತೆಯೇ ಮರಳಿ ಬಂದರು. ಪ್ರಶಸ್ತಿ ವಿತರಣೆಗೆಂದು ಫಲಿತಾಂಶದ ಪ್ರತಿ ಹೊರಟಿತ್ತು. ಅದರಲ್ಲಿ ಒಬ್ಬ ಹುಡುಗಿಯ ದೂರ 10.68 ಮೀಟರ್ ಎಂದಿತ್ತು, ನಾನು ಬರೆದದ್ದು 10.86. ಅವರು ಯಾರನ್ನೂ ತಪ್ಪುಗಾರರನ್ನಾಗಿ ಮಾಡದೆ ಅಂಕಣದ ಮುಖ್ಯ ತೀರ್ಪುಗಾರರ ಬಳಿ ಹೋಗಿ ಮೂಲ ಹಾಳೆಯನ್ನು ನೋಡಬಹುದೇ ಎಂದು ಕೇಳಿದರು. ಮೂಲ ಹಾಳೆಯಲ್ಲಿ 10.86 ಎಂದೇ ಇತ್ತು. ಆತುರದಲ್ಲಿ ಪ್ರತಿ ಮಾಡುವಾಗ ಎರಡು ಅಂಕೆಗಳು ಹಿಂದುಮುಂದಾಗಿದ್ದವು. ಆ ಎರಡು ಅಂಕೆಗಳಿಂದ ಎರಡನೆಯ ಸ್ಥಾನದ ಹುಡುಗಿ ನಾಲ್ಕನೆಯವಳಾಗಿ, ಪದಕವೂ ಪ್ರಮಾಣಪತ್ರವೂ ಇಲ್ಲದೆ ಮನೆಗೆ ಹೋಗುತ್ತಿದ್ದಳು. ಹೀಗೊಂದು ಆಗಿತ್ತೆಂಬುದು ಆ ಹುಡುಗಿಗೆ ಇಂದಿಗೂ ಗೊತ್ತಿಲ್ಲ.

ಕ್ರೀಡಾಕೂಟದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಯಾವ ರೂಪದಲ್ಲಿ ಬರುತ್ತದೆ ಎಂಬುದು ಎಲ್ಲ ಓದುಗರಿಗೂ ತಿಳಿದದ್ದೇ. ಕೂಟವನ್ನು ಯಾರು ಉದ್ಘಾಟಿಸಿದರು, ಯಾರು ಧ್ವಜಾರೋಹಣ ಮಾಡಿದರು, ಯಾರು ಅಧ್ಯಕ್ಷತೆ ವಹಿಸಿದರು, ಕ್ರೀಡೆಯಿಂದ ದೈಹಿಕ ಮತ್ತು ಮಾನಸಿಕ ಆರೋಗ್ಯ ಹೇಗೆ ವೃದ್ಧಿಸುತ್ತದೆ ಎಂದು ಅವರು ಹೇಳಿದರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು ಯಾರು, ಸ್ವಾಗತಿಸಿದವರು ಯಾರು, ನಿರೂಪಿಸಿದವರು ಯಾರು, ವಂದಿಸಿದವರು ಯಾರು ಎಂಬಲ್ಲಿಗೆ ಸುದ್ದಿ ಮುಗಿದಿರುತ್ತದೆ. ದೀಪ ಬೆಳಗುವ ಚಿತ್ರವೊಂದು ಅದರ ಪಕ್ಕದಲ್ಲಿರುತ್ತದೆ. ಬೆಳಗಿನ 8 ಗಂಟೆಯಿಂದ ಸಂಜೆಯವರೆಗೆ ಬಿಸಿಲಲ್ಲಿ, ನಮ್ಮ ಕಡೆ ಹೆಚ್ಚಾಗಿ ಮಳೆಯಲ್ಲಿ, ಓಡಿದ, ಹಾರಿದ, ಎಸೆದ ಮಕ್ಕಳಲ್ಲಿ ಒಬ್ಬರ ಹೆಸರೂ ಅದರಲ್ಲಿ ಇರುವುದಿಲ್ಲ. ಇದ್ದರೂ ‘ಸಮಗ್ರ ಪ್ರಶಸ್ತಿ’ ಪಡೆದ ಶಾಲೆಯ ಹೆಸರಷ್ಟೇ ಇರುತ್ತದೆ. ಇದಕ್ಕೆ ವರದಿಗಾರರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಸಂಘಟಕರು ಬರೆದುಕೊಡುವ ಪ್ರಕಟಣೆಯೇ ಹಾಗಿರುತ್ತದೆ, ಮತ್ತು ಆ ಸಂಘಟಕರಲ್ಲಿ ಬಹಳ ವರ್ಷ ನಾನೂ ಒಬ್ಬನಾಗಿದ್ದೆ.

ನಾನು ಹೇಳುತ್ತಿರುವ ಈ ಹಿರಿಯರು ಮೊದಲ ದಿನದಿಂದಲೂ ಸುದ್ದಿಯನ್ನು ಮೈದಾನದಿಂದ ಬರೆದರು. ಉದ್ಘಾಟನೆಗೆ ಒಂದು ವಾಕ್ಯ ಕೊಡುತ್ತಿದ್ದರು, ಉಳಿದ ಜಾಗವೆಲ್ಲ ಫಲಿತಾಂಶಕ್ಕೆ ಮೀಸಲು. ಸ್ಪರ್ಧೆಯ ಹೆಸರು, ಮೊದಲ ಮೂವರ ಹೆಸರು, ಶಾಲೆ, ಪ್ರತಿಯೊಬ್ಬರ ಸಮಯ ಅಥವಾ ದೂರ, ಎಲ್ಲವೂ ಇರುತ್ತಿತ್ತು. ಗುಂಡು ಎಸೆತವಾದರೆ ಗುಂಡಿನ ತೂಕವನ್ನೂ ಬರೆಯುತ್ತಿದ್ದರು. ಪುರುಷರ ಗುಂಡು 7.26 ಕಿಲೋ, ಮಹಿಳೆಯರದ್ದು 4 ಕಿಲೋ, ಕಿರಿಯರ ವಿಭಾಗಗಳಲ್ಲಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. ತೂಕ ಹೇಳದೆ ‘14 ಮೀಟರ್ ಎಸೆದ’ ಎಂದರೆ ಓದುವವನಿಗೆ ಏನೂ ತಿಳಿದಂತಾಗುವುದಿಲ್ಲ ಎಂಬುದು ಅವರ ವಾದ. ಕಚೇರಿಯಲ್ಲಿ ಆ ಸಾಲುಗಳಿಗೆ ಕತ್ತರಿ ಬೀಳುತ್ತಿತ್ತು, ಮತ್ತೆ ಬರೆದು ಕಳಿಸುತ್ತಿದ್ದರು. ಕೊನೆಗೆ ಸುದ್ದಿ ಸಂಪಾದಕರೊಬ್ಬರು ಜಿಲ್ಲಾ ಪುಟದ ತಳದಲ್ಲಿ ಚಿಕ್ಕ ಅಕ್ಷರಗಳ ಒಂದು ಕಂಬವನ್ನೇ ಅದಕ್ಕಾಗಿ ಬಿಟ್ಟುಕೊಟ್ಟರು. ಬಹಳ ಮಂದಿ ದಾಟಿ ಹೋಗುತ್ತಿದ್ದ ಆ ಕಂಬವನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದಾರೆ. ನನ್ನ ಶಾಲೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿ, ಗಾಜಿನ ಚೌಕಟ್ಟಿನೊಳಗೆ, ಹಳದಿಯಾಗಿ ಹೋದ ಅಂಥ ಒಂದು ತುಣುಕನ್ನು ಕಂಡಿದ್ದೇನೆ. ಅದರಲ್ಲಿ ಅವನ ಹೆಸರಿನ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

ಅವರ ನಿಷ್ಠುರತೆಯ ಅನುಭವ ನನಗಾದದ್ದು 90ರ ದಶಕದ ಒಂದು ವಲಯ ಮಟ್ಟದ ಕೂಟದಲ್ಲಿ. ಮೈದಾನ ಸಜ್ಜುಗೊಳಿಸಿ ಸುಣ್ಣದ ಗೆರೆ ಹಾಕಿಸಿದವನು ನಾನೇ. ಹತ್ತನೆಯ ತರಗತಿಯ ಹುಡುಗನೊಬ್ಬ 100 ಮೀಟರ್ ಓಟವನ್ನು 10.6 ಸೆಕೆಂಡಿನಲ್ಲಿ ಮುಗಿಸಿದ. ಮೈದಾನವೆಲ್ಲ ಚಪ್ಪಾಳೆ ತಟ್ಟಿತು, ಧ್ವನಿವರ್ಧಕದಲ್ಲಿ ‘ನೂತನ ಕೂಟ ದಾಖಲೆ’ ಎಂದು ಘೋಷಣೆಯಾಯಿತು. ಬರಿಗಾಲಿನಲ್ಲಿ, ಹುಲ್ಲು ಬೆಳೆದ ಹಸಿ ನೆಲದ ಮೇಲೆ ಅಂಥ ಸಮಯ ಬರುವುದು ಕಷ್ಟವೆಂದು ಅವರಿಗೆ ಅನ್ನಿಸಿತ್ತು. ಜನ ಕರಗುವವರೆಗೂ ಕಾದು, ಸಂಜೆ ನನ್ನ ಬಳಿ ಬಂದು ಟೇಪು ಇದೆಯೇ ಎಂದು ಕೇಳಿದರು. ಇಬ್ಬರೂ ಸೇರಿ ಅಳೆದೆವು. ಆರಂಭದ ಗೆರೆಯಿಂದ ಮುಕ್ತಾಯದ ಗೆರೆಗೆ 94 ಮೀಟರ್ ಇತ್ತು. ಮೈದಾನದ ಒಂದು ಮೂಲೆಯಲ್ಲಿ ಕಾಂಪೌಂಡ್ ಅಡ್ಡ ಬಂದದ್ದರಿಂದ ಗೆರೆಯನ್ನು ಒಳಕ್ಕೆ ಸರಿಸಿದ್ದ ಕೆಲಸಗಾರರು ಇನ್ನೊಂದು ತುದಿಯನ್ನು ಹೊರಕ್ಕೆ ಸರಿಸಿರಲಿಲ್ಲ, ನಾನು ಮತ್ತೆ ಅಳೆದು ನೋಡಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಹುಡುಗನ ಹೆಸರು, ಶಾಲೆ, ಪ್ರಥಮ ಸ್ಥಾನ ಎಲ್ಲವೂ ಇದ್ದವು. ಸಮಯದ ಜಾಗದಲ್ಲಿ, ಅಂತರದ ಅಳತೆಯಲ್ಲಿ ವ್ಯತ್ಯಾಸವಿದ್ದುದರಿಂದ ಸಮಯವನ್ನು ನೀಡಿಲ್ಲ ಎಂಬ ಒಂದು ಸಾಲಿತ್ತು. ನನ್ನನ್ನಾಗಲೀ ಶಾಲೆಯನ್ನಾಗಲೀ ಹಳಿಯುವ ಒಂದು ಪದವೂ ಇರಲಿಲ್ಲ. ಆ ಒಂದು ಸಾಲು ನನಗೆ ಕಲಿಸಿದ್ದನ್ನು ಯಾವ ತರಬೇತಿ ಶಿಬಿರವೂ ಕಲಿಸಲಿಲ್ಲ. ಅಂದಿನಿಂದ ನಿವೃತ್ತನಾಗುವವರೆಗೂ ಕೂಟದ ಹಿಂದಿನ ಸಂಜೆ ನಾನೇ ಟೇಪು ಹಿಡಿದು ಎರಡು ಸಲ ಅಳೆಯದೆ ಮನೆಗೆ ಹೋದವನಲ್ಲ.

ಅಥ್ಲೆಟಿಕ್ಸ್ ಬೇರೆ ಆಟಗಳಂತಲ್ಲ. ಕಬಡ್ಡಿಯಲ್ಲಿ, ವಾಲಿಬಾಲ್‌ನಲ್ಲಿ ಗೆದ್ದವರು ಯಾರು, ಅಂಕ ಎಷ್ಟು ಎಂದರೆ ಸುದ್ದಿ ಪೂರ್ಣವಾಗುತ್ತದೆ. ಓಟದಲ್ಲಿ ಗೆದ್ದವನ ಹೆಸರು ಅರ್ಧ ಸುದ್ದಿ ಮಾತ್ರ, ಉಳಿದ ಅರ್ಧ ಸಮಯದಲ್ಲಿದೆ. ಬೈಂದೂರಿನ ಮೈದಾನದಲ್ಲಿ ಓಡಿದ ಹುಡುಗಿಯನ್ನೂ ಬಳ್ಳಾರಿಯಲ್ಲಿ ಓಡಿದ ಹುಡುಗಿಯನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡುವುದಕ್ಕೆ ಇರುವ ದಾರಿ ಅದೊಂದೇ. ಆ ಸಮಯವನ್ನು ಹೇಗೆ ತೆಗೆದರು ಎಂಬುದೂ ಗೊತ್ತಿರಬೇಕು. ಕೈಯಿಂದ ಒತ್ತುವ ಸ್ಟಾಪ್‌ವಾಚಿನ ಸಮಯ ವಿದ್ಯುನ್ಮಾನ ಸಮಯಕ್ಕಿಂತ 100 ಮೀಟರ್ ಓಟದಲ್ಲಿ ಸುಮಾರು 0.24 ಸೆಕೆಂಡು ಕಡಿಮೆ ಬರುತ್ತದೆ ಎಂದು ಲೆಕ್ಕ ಹಾಕುವ ರೂಢಿಯಿದೆ. ಹಾಗಾಗಿ ಸ್ಟಾಪ್‌ವಾಚಿನ 11.0, ಫೋಟೊ ಫಿನಿಷ್ ಯಂತ್ರದ 11.10ಕ್ಕಿಂತ ಉತ್ತಮ ಸಮಯವೇನಲ್ಲ. ಮುಕ್ತಾಯದ ಗೆರೆಯಲ್ಲಿ ನಿಂತ ಸಮಯಪಾಲಕ ಓಟ ಆರಂಭಿಸುವ ಪಿಸ್ತೂಲಿನ ಸದ್ದನ್ನು ಕೇಳಿ ಗಡಿಯಾರ ಒತ್ತಿದರೆ, ಆ ಸದ್ದು 100 ಮೀಟರ್ ದಾಟಿ ಅವನ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಕಳೆದಿರುತ್ತದೆ. ಆದ್ದರಿಂದಲೇ ಪಿಸ್ತೂಲಿನ ಹೊಗೆಯನ್ನು, ಕ್ಲ್ಯಾಪರ್ ಆದರೆ ಹಲಗೆಗಳು ಕೂಡುವುದನ್ನು ಕಣ್ಣಿನಿಂದ ನೋಡಿ ಒತ್ತಬೇಕು. ಬೆನ್ನ ಹಿಂದಿನಿಂದ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚು ವೇಗದ ಗಾಳಿ ಬೀಸಿದರೆ 100 ಮತ್ತು 200 ಮೀಟರ್ ಓಟದ ಸಮಯ, ಉದ್ದ ಜಿಗಿತ ಮತ್ತು ತ್ರಿವಿಧ ಜಿಗಿತದ ದೂರ ದಾಖಲೆಗೆ ಸಲ್ಲುವುದಿಲ್ಲ. ಕಡಲ ಕಡೆಯಿಂದ ಮಧ್ಯಾಹ್ನದ ಗಾಳಿ ಏಳುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಇವನ್ನೆಲ್ಲ ಅವರು ಯಾವ ಪದವಿ ತರಗತಿಯಲ್ಲೂ ಕಲಿತವರಲ್ಲ. ತೀರ್ಪುಗಾರರ ಪಕ್ಕದಲ್ಲಿ ನಿಂತು, ನಿಯಮದ ಪುಸ್ತಕವನ್ನು ಎರವಲು ಪಡೆದು ಓದಿ ಕಲಿತರು. ಅನಂತರ ನಮ್ಮಲ್ಲಿ ಎಷ್ಟೋ ಶಿಕ್ಷಕರಿಗೆ ಕಲಿಸಿದರು.

ಅವರ ಈ ತಿಳಿವಳಿಕೆಯ ಬೆಲೆ ಹೊರಗಿನವರಿಗೂ ಅರ್ಥವಾಗಬೇಕಿದ್ದ ಸಂದರ್ಭವೊಂದು 2020ರ ಫೆಬ್ರುವರಿಯಲ್ಲಿ ಬಂತು. ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟ್ ಅವರ 9.58 ಸೆಕೆಂಡಿನ ವಿಶ್ವದಾಖಲೆ ಮುರಿಯಿತು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಕೇಂದ್ರದ ಕ್ರೀಡಾ ಸಚಿವರೇ ಗೌಡರನ್ನು ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಕರೆದರು. ಕೆಲವೇ ದಿನಗಳಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರ ಓಟಕ್ಕೆ ಅದೇ ಭಾಗಾಕಾರ ಹಾಕಿ 9.51 ಎಂದರು. ಆ ದಿನಗಳಲ್ಲಿ ನಮ್ಮ ವರದಿಗಾರರು ಬರೆದ ಪುಟ್ಟ ಟಿಪ್ಪಣಿ ನನಗೆ ಇಂದಿಗೂ ನೆನಪಿದೆ. ಕಂಬಳದ ಓಟಗಾರನನ್ನು ಅವರು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಕೆಸರಿನಲ್ಲಿ, ಕೋಣಗಳ ವೇಗಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸಿ, ಹಗ್ಗದ ಎಳೆತವನ್ನು ತಾಳಿಕೊಂಡು ಬೀಳದೆ ಗುರಿ ಮುಟ್ಟುವುದು ಬೇರೆಯೇ ವಿದ್ಯೆ, ಅದನ್ನು ಅದರ ಹೆಸರಿನಲ್ಲೇ ಗೌರವಿಸಬೇಕು ಎಂದು ಬರೆದರು. ನಿಂತಲ್ಲಿಂದ ಸ್ವಂತ ಬಲದಲ್ಲಿ ಹೊರಟು 100 ಮೀಟರ್ ಓಡುವುದಕ್ಕೂ, ಉದ್ದದ ಓಟದ ಸರಾಸರಿಯಿಂದ 100 ಮೀಟರನ್ನು ಕತ್ತರಿಸಿ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬೋಲ್ಟ್ ಅವರ ಓಟದಿಂದಲೇ ತೋರಿಸಿದರು. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಇದೇ ಭಾಗಾಕಾರ ಹಾಕಿದರೆ ಅದೂ 9.57 ಆಗುತ್ತದೆ, ಆ ಓಟದ ಕೊನೆಯ 100 ಮೀಟರನ್ನು ಮಾತ್ರ ತೆಗೆದುಕೊಂಡರೆ 8.70. ಅದನ್ನು ಯಾರೂ 100 ಮೀಟರ್ ಓಟದ ದಾಖಲೆ ಎನ್ನಲಿಲ್ಲ. ಶ್ರೀನಿವಾಸ ಗೌಡರು ತಾವು ಕಂಬಳದ ಓಟಗಾರರೆಂದೂ ಟ್ರ್ಯಾಕಿನ ಪರೀಕ್ಷೆಗೆ ಹೋಗುವುದಿಲ್ಲವೆಂದೂ ಘನತೆಯಿಂದ ಹೇಳಿದರು. ಅಂದು ವರದಿ ಮಾಡಿದವರಲ್ಲಿ ಸ್ಟಾಪ್‌ವಾಚಿನ ಲೆಕ್ಕ ಬಲ್ಲ ನಾಲ್ಕು ಮಂದಿ ಇದ್ದಿದ್ದರೆ ಆ ಯುವಕನ ಮೇಲೆ ಅಷ್ಟು ದೊಡ್ಡ ಭಾರ ಬೀಳುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಅವರು ಕೆಲಸ ಮಾಡಿದ ಪರಿಸ್ಥಿತಿಯನ್ನೂ ಹೇಳಬೇಕು. ಅವರು ಯಾವ ಪತ್ರಿಕೆಯ ಕಾಯಂ ನೌಕರರೂ ಆಗಿರಲಿಲ್ಲ. ಬಿಡಿ ಸುದ್ದಿಗಾರರಿಗೆ ಆಗ ಸಿಗುತ್ತಿದ್ದುದು ಅಚ್ಚಾದ ಸುದ್ದಿಯ ಉದ್ದವನ್ನು ಅಳೆದು ಕೊಡುವ ಹಣ, ಬಸ್ಸಿನ ಖರ್ಚಿಗೂ ಅದು ಸಾಲುತ್ತಿರಲಿಲ್ಲ. ಕೂಟ ಮುಗಿದ ಮೇಲೆ ಮೈದಾನದ ಮೆಟ್ಟಿಲ ಮೇಲೆಯೇ ಕೂತು ಸುದ್ದಿ ಬರೆದು, ಲಕೋಟೆಗೆ ಹಾಕಿ, ಸಂಜೆಯ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ಆ ಬಸ್ಸು ಊರು ಬಿಡುವುದನ್ನು ನೋಡಿಯೇ ಮನೆಗೆ ಹೋಗುತ್ತಿದ್ದರು. ಶಾಲಾ ಕ್ರೀಡಾಕೂಟಗಳು ನಡೆಯುವುದು ಹೆಚ್ಚಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಅಂದರೆ ನಮ್ಮ ಕಡೆ ಅರ್ಧ ಕೂಟ ಮಳೆಯಲ್ಲೇ. ಶಾಯಿ ನೀರಿಗೆ ಹರಡುತ್ತದೆಂದು ಅವರು ಪೆನ್ಸಿಲಿನಲ್ಲೇ ಬರೆಯುತ್ತಿದ್ದರು, ನೋಟ್‌ಬುಕ್ಕನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೈಯನ್ನೂ ಒಳಗೆ ಹಾಕಿ ಬರೆಯುವುದನ್ನು ರೂಢಿಸಿಕೊಂಡಿದ್ದರು. 200 ಪುಟಗಳ ಅಂಥ ನೋಟ್‌ಬುಕ್ಕುಗಳು ಅವರ ಮನೆಯ ಅಟ್ಟದ ಮೇಲೆ ಎರಡು ಟ್ರಂಕುಗಳಲ್ಲಿವೆ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ಅವಿಭಜಿತ ದಕ್ಷಿಣ ಕನ್ನಡದ ದಾಖಲೆಗಳಲ್ಲಿ ಯಾವುದು ಯಾವ ಜಿಲ್ಲೆಯ ಶಾಲೆಗೆ ಸೇರಿದ್ದೆಂದು ವಿಂಗಡಿಸಿ, ಎರಡು ಜಿಲ್ಲೆಗಳಿಗೂ ಬೇರೆ ಬೇರೆ ಪಟ್ಟಿಯನ್ನು ಅವರು ತಮ್ಮ ಪಾಡಿಗೆ ತಾವೇ ಮಾಡಿಟ್ಟುಕೊಂಡಿದ್ದಾರೆ.

ಆ ಟ್ರಂಕುಗಳಿಂದ ಒಬ್ಬಳ ಬದುಕಿಗೆ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಅವಳ ಹೈಸ್ಕೂಲಿನ ಪ್ರಮಾಣಪತ್ರ ಮಳೆಗಾಲದಲ್ಲಿ ಸೋರಿದ ಮನೆಯಲ್ಲಿ ನೆನೆದು ಹಾಳಾಗಿತ್ತು. ನಕಲು ಪ್ರತಿಗಾಗಿ ಸಂಬಂಧಪಟ್ಟ ಕಚೇರಿಗೆ ನಾಲ್ಕು ಸಲ ಅಲೆದಳು, ಆ ವರ್ಷದ ಕಡತ ಸಿಗುತ್ತಿಲ್ಲ ಎಂಬ ಉತ್ತರವೇ ಬಂತು. ಕೊನೆಗೆ ನನ್ನ ಜೊತೆ ವರದಿಗಾರರ ಮನೆಗೆ ಬಂದಳು. ಅವರು ಅಟ್ಟ ಹತ್ತಿ, ಅರ್ಧ ಗಂಟೆ ಹುಡುಕಿ, ಧೂಳು ಒರೆಸಿ ಒಂದು ಪುಸ್ತಕ ತಂದು ಅವಳ ಮುಂದಿಟ್ಟರು. ಕೂಟ ನಡೆದ ದಿನಾಂಕ, ಮೈದಾನ, ಅವಳ ಎದೆಸಂಖ್ಯೆ, ಆರು ಜಿಗಿತಗಳ ದೂರ, ಅಂಕಣದ ತೀರ್ಪುಗಾರರ ಹೆಸರು ಎಲ್ಲವೂ ಪೆನ್ಸಿಲಿನಲ್ಲಿದ್ದವು. ಅವಳು ತನ್ನ ಮೂರನೆಯ ಜಿಗಿತ ಫೌಲ್ ಆದದ್ದನ್ನು ಅಲ್ಲಿ ಓದಿ, ಬೆರಳನ್ನು ಆ ಸಾಲಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತಳು. ದಿನಾಂಕ ಮತ್ತು ತೀರ್ಪುಗಾರರ ಹೆಸರು ಸಿಕ್ಕ ಮೇಲೆ ಕಡತವನ್ನು ಎಲ್ಲಿ ಹುಡುಕಬೇಕೆಂಬುದು ಗೊತ್ತಾಯಿತು. ನಕಲು ಪ್ರಮಾಣಪತ್ರ ಬಂತು, ಅರ್ಜಿ ಸಕಾಲಕ್ಕೆ ತಲುಪಿತು, ಇಂದು ಅವಳು ಸರ್ಕಾರಿ ನೌಕರಿಯಲ್ಲಿದ್ದಾಳೆ.

ಈ ಕರಾವಳಿಯಿಂದ ದೊಡ್ಡ ಕೂಟಗಳಿಗೆ ಹೋದವರ ಆರಂಭವೂ ಇಂಥ ಸಣ್ಣ ಅಕ್ಷರಗಳಲ್ಲೇ ಇದೆ. ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿಯವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ 56.15 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಮಂಗಳೂರಿನ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕೂಟಗಳಲ್ಲಿ ರಿಲೇ ಚಿನ್ನ ತಂದರು. ಸಹನಾ ಕುಮಾರಿಯವರು 2012ರ ಜೂನ್‌ನಲ್ಲಿ ಹೈದರಾಬಾದ್‌ನಲ್ಲಿ 1.92 ಮೀಟರ್ ಎತ್ತರ ಜಿಗಿದು, ಬಾಬಿ ಅಲೋಷಿಯಸ್ ಅವರ ರಾಷ್ಟ್ರೀಯ ದಾಖಲೆಯನ್ನು ಒಂದೇ ಒಂದು ಸೆಂಟಿಮೀಟರಿನಿಂದ ದಾಟಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಮಣಿಕಂಠ ಹೋಬಳಿದಾರ್ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 100 ಮೀಟರ್ ರಾಷ್ಟ್ರೀಯ ದಾಖಲೆಯನ್ನು 10.25ರಿಂದ 10.23ಕ್ಕೆ ಇಳಿಸಿದಾಗ ಅಂತರವಿದ್ದದ್ದು ಸೆಕೆಂಡಿನ ನೂರರಲ್ಲಿ ಎರಡು ಭಾಗ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಅವರ ಕಂಚನ್ನು ಕಸಿದದ್ದು ನೂರರಲ್ಲಿ ಒಂದು ಭಾಗ, 55.42ಕ್ಕೆ ಎದುರಾಗಿ 55.41. ಇಷ್ಟು ಸಣ್ಣ ಅಂತರಗಳಿಂದ ಆಗಿರುವ ಕ್ರೀಡೆಯಲ್ಲಿ ಅಂಕೆಯನ್ನೇ ಬಿಟ್ಟು ಬರೆದರೆ ಉಳಿಯುವುದಾದರೂ ಏನು?

ಸಂತೋಷದ ಸುದ್ದಿಯನ್ನಷ್ಟೇ ಅವರು ಬರೆದರು ಎಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. 2011ರಲ್ಲಿ ದೇಶದ ಮಹಿಳಾ ರಿಲೇ ತಂಡದ ಹಲವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿದಾಗ ಅವರಲ್ಲಿ ನಮ್ಮ ಕರಾವಳಿಯ ಓಟಗಾರ್ತಿಯೂ ಇದ್ದರು. ಊರೆಲ್ಲ ದುಃಖದಲ್ಲಿತ್ತು, ಬರೆಯಬಾರದೆಂದು ನಮ್ಮ ವರದಿಗಾರರಿಗೆ ಹೇಳಿದವರೂ ಇದ್ದರು. ಅವರು ಬರೆದರು. ಪರೀಕ್ಷೆಯಲ್ಲಿ ಸಿಕ್ಕಿದ್ದೇನು, ಪೂರಕ ಆಹಾರದಿಂದ ಹೀಗಾಯಿತೆಂದು ಓಟಗಾರ್ತಿಯರು ಹೇಳಿದ್ದೇನು, ತಂಡದ ವಿದೇಶಿ ತರಬೇತುದಾರರನ್ನು ಕೆಲಸದಿಂದ ತೆಗೆದದ್ದು, ಮುಂದೆ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ನಿಷೇಧ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿದ್ದು, ಇವನ್ನೆಲ್ಲ ಬಣ್ಣ ಹಚ್ಚದೆ, ಕಲ್ಲೂ ಎಸೆಯದೆ ಬರೆದರು. ನಿಷೇಧ ಮುಗಿದು ಆ ಓಟಗಾರ್ತಿ ಮತ್ತೆ ಟ್ರ್ಯಾಕಿಗೆ ಇಳಿದಾಗ ಅದನ್ನೂ ಅದೇ ಅಳತೆಯ ಜಾಗದಲ್ಲಿ ಬರೆದರು. ಊರಿನ ಮಗಳ ಸೋಲನ್ನು ಊರಿನಲ್ಲೇ ಇದ್ದುಕೊಂಡು ಹೀಗೆ ಬರೆಯುವುದು ಸುಲಭದ ಮಾತಲ್ಲ.

ಇನ್ನೊಂದು ಪ್ರಕರಣವನ್ನು ಇಲ್ಲಿ ನೆನೆಯದೆ ಇರಲಾರೆ. ನೆರೆಯ ಶಿರಸಿಯ ಕಾಶೀನಾಥ ನಾಯ್ಕ ಅವರು 2010ರ ಕಾಮನ್‌ವೆಲ್ತ್ ಕೂಟದಲ್ಲಿ ಜಾವೆಲಿನ್ ಎಸೆತದ ಕಂಚು ಗೆದ್ದವರು. 2021ರಲ್ಲಿ ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದ ಬೆನ್ನಲ್ಲೇ, ನೀರಜ್ ಅವರಿಗೆ ಹಿಂದೆ ತರಬೇತಿ ನೀಡಿದವರೆಂದು ನಮ್ಮ ರಾಜ್ಯ ಸರ್ಕಾರ ನಾಯ್ಕ ಅವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಆಗ ಅವರ ಪರಿಚಯವೇ ತಮಗಿಲ್ಲ ಎಂಬ ಮಾತು ರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂದಿನ ಅಧ್ಯಕ್ಷರಿಂದ ಬಂತು. ಯಾರು ಎಷ್ಟು ದಿನ ಯಾರಿಗೆ ಕಲಿಸಿದರು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ದೇಶಕ್ಕೆ ಪದಕ ತಂದ ಒಬ್ಬ ಎಸೆತಗಾರನ ಹೆಸರು ಹನ್ನೊಂದೇ ವರ್ಷದಲ್ಲಿ ಅಷ್ಟು ಮಸುಕಾಗಬಹುದಾದರೆ, ತಾಲ್ಲೂಕು ಮಟ್ಟದಲ್ಲಿ ಗೆದ್ದು ಅಲ್ಲಿಗೇ ನಿಂತ ಸಾವಿರಾರು ಮಕ್ಕಳ ಹೆಸರನ್ನು ಉಳಿಸುವವರು ಯಾರು ಎಂಬ ಯೋಚನೆ ಆ ದಿನ ನನ್ನನ್ನು ಬಹಳ ಕಾಡಿತು.

ಸಂಪಾದಕರೇ, ಸನ್ಮಾನ ಆಗಿದೆ, ಅದಕ್ಕಾಗಿ ಸಂಘಟಕರಿಗೆ ಮನಃಪೂರ್ವಕ ಕೃತಜ್ಞತೆ. ಆದರೆ ಅವರು ಉಳಿಸಿಕೊಂಡು ಬಂದ ಆ ಚಿಕ್ಕ ಅಕ್ಷರಗಳ ಕಂಬ ಕೆಲವು ವರ್ಷಗಳ ಹಿಂದೆ ಪುಟವಿನ್ಯಾಸ ಬದಲಾದಾಗ ನಿಂತುಹೋಯಿತು. ಈಗ ಕೂಟದ ಫಲಿತಾಂಶ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಸರಿಯಾಗಿ ಓದಲೂ ಬಾರದ ಫೋಟೊ ರೂಪದಲ್ಲಿ ಓಡಾಡಿ, ವಾರ ಕಳೆಯುವಷ್ಟರಲ್ಲಿ ಯಾರ ಫೋನಿನಲ್ಲೂ ಇರುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಕೂಟಗಳು ನಡೆಯುವ ಆ ನಾಲ್ಕು ತಿಂಗಳಾದರೂ ವಾರಕ್ಕೊಂದು ದಿನ ಜಿಲ್ಲಾ ಪುಟದಲ್ಲಿ ಅರ್ಧ ಕಂಬವನ್ನು ಪೂರ್ಣ ಫಲಿತಾಂಶಕ್ಕೆ ಕೊಡಬೇಕೆಂದು ತಮ್ಮನ್ನು ಬೇಡುತ್ತೇನೆ. ಕಾಗದದಲ್ಲಿ ಜಾಗವಿಲ್ಲವೆಂದಾದರೆ ಪತ್ರಿಕೆಯ ಜಾಲತಾಣದಲ್ಲಾದರೂ ಕೊಡಿ, ಅಲ್ಲಿ ಜಾಗದ ಕೊರತೆಯಿಲ್ಲ. ನನ್ನ ಸಹೋದ್ಯೋಗಿಗಳಾದ ದೈಹಿಕ ಶಿಕ್ಷಕರಲ್ಲಿಯೂ ಒಂದು ವಿನಂತಿಯಿದೆ. ಪತ್ರಿಕೆಗೆ ಪ್ರಕಟಣೆ ಕಳಿಸುವಾಗ ಗಣ್ಯರ ಹೆಸರುಗಳ ಮೊದಲು ಮಕ್ಕಳ ಹೆಸರು, ಶಾಲೆ, ಸಮಯ, ದೂರ ಬರೆಯಿರಿ. ಸಮಯ ಸ್ಟಾಪ್‌ವಾಚಿನದ್ದೋ ಯಂತ್ರದ್ದೋ ಹೇಳಿ, ಗುಂಡಿನ ತೂಕ ಹೇಳಿ, ಹೆಸರಿನ ಕಾಗುಣಿತವನ್ನು ಆ ಮಗುವಿನಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಆ ಎರಡು ಟ್ರಂಕುಗಳ ಚಿಂತೆಯೂ ನನಗಿದೆ. ನಮ್ಮ ಹವೆಯಲ್ಲಿ ಕಾಗದ ಬಹಳ ಕಾಲ ಬಾಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಮೇಲಿನ ಸಾಲಿನ ನಾಲ್ಕು ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು, ಗೆದ್ದಲಿನ ಭಯವಂತೂ ವರ್ಷವಿಡೀ ಇದೆ. ಜಿಲ್ಲೆಯ ಯಾವುದಾದರೂ ಕಾಲೇಜಿನ ಪತ್ರಿಕೋದ್ಯಮ ವಿಭಾಗ ಅಥವಾ ಗ್ರಂಥಾಲಯ ಮುಂದೆ ಬಂದರೆ, ಪುಟಪುಟವನ್ನೂ ಸ್ಕ್ಯಾನ್ ಮಾಡಿಕೊಳ್ಳಲು ಪುಸ್ತಕಗಳನ್ನು ಕೊಡುವುದಕ್ಕೆ ಅವರ ಒಪ್ಪಿಗೆಯಿದೆ. ಮೂಲ ಪ್ರತಿಗಳು ಮಾತ್ರ ಮನೆಗೇ ಮರಳಬೇಕು, ಏಕೆಂದರೆ ಪ್ರಮಾಣಪತ್ರ ಕಳೆದುಕೊಂಡವರು ಇನ್ನೂ ಬರುತ್ತಿರುತ್ತಾರೆ ಎನ್ನುತ್ತಾರೆ. ಪೆನ್ಸಿಲಿನ ಅಕ್ಷರ ಕೆಲವು ಕಡೆ ಮಾಸಿದೆ. ಓದಲು ಕಷ್ಟವಾದಲ್ಲಿ ಪಕ್ಕದಲ್ಲಿ ಕೂತು ಹೇಳಲು ಅವರೂ ಸಿದ್ಧರಿದ್ದಾರೆ, ಆ ಕೂಟಗಳಲ್ಲಿದ್ದ ನಮ್ಮಂಥ ಏಳೆಂಟು ಮಂದಿ ನಿವೃತ್ತ ಶಿಕ್ಷಕರೂ ಸಿದ್ಧರಿದ್ದೇವೆ. ಆಸಕ್ತರು ತಮ್ಮ ಪತ್ರಿಕೆಯ ಮೂಲಕ ತಿಳಿಸಿದರೆ ದೀಪಾವಳಿ ರಜೆಯಲ್ಲೇ ಕೆಲಸ ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಸರ್ಕಾರಿ ಪ್ರೌಢಶಾಲೆಯೊಂದರ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ